ಗುರುಗಳ ಗುರು ಡೆಪ್ಯುಟಿ ಚನ್ನಬಸಪ್ಪನವರು

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯು ಇಂದು ಹಾಳುಬಿದ್ದ ಗುಡಿಗಳ ಮತ್ತು ಮುರಿದ ಶಿಲ್ಪಗಳ ನೆಲೆಯಾಗಿ ತೋರುತ್ತದೆ. ಅರವತ್ತು ಕಂಬದ ಗುಡಿಯನ್ನು ನೋಡಬಂದವರು ಅದರ ವೈಭವವನ್ನು ನೆನೆದು ನಿಟ್ಟುಸಿರಿಟ್ಟು ಹಿಂದಿರುಗುತ್ತಾರೆ. ಆದರೆ ಒಂಬೈನೂರು ವರ್ಷಗಳಿಗೂ ಹಿಂದೆ ಈ ಸ್ಥಳವು ಕನ್ನಡ ನಾಡಿನ ಹೆಸರಾಂತ ವಿದ್ಯಾಕೇಂದ್ರಗಳಲ್ಲಿ ಒಂದಾಗಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿಯನ್ನು ಬಿಟ್ಟ ಸಂಗತಿಯನ್ನು ಕ್ರಿ. ಶ. ೧೦೫೮ರ ಶಾಸನವು ವಿವರವಾಗಿ ತಿಳಿಸುತ್ತದೆ. ವೇದಾಧ್ಯಯನ ಮಾಡುವ ೨೦೦ ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನ ಮಾಡುವ ೫೨ ವಿದ್ಯಾರ್ಥಿಗಳು, ವೇದಕ್ಕೆ ಮೂವರು ಮತ್ತು ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಾಂಡಾರಿಕರು, ಇಷ್ಟು ಜನರ ಅಶನ ವಸನಗಳಿಗೆ ಬೇಕಾದ ಭೂಮಿ, ಇವೆಲ್ಲವೂ ಅಲ್ಲಿ ಲೆಕ್ಕ ಹಾಕಿ ಬರೆಯಲ್ಪಟ್ಟಿವೆ. ಅಷ್ಟು ಹಿಂದಿನ ಕಾಲದಲ್ಲಿ ಗ್ರಂಥ ಭಂಡಾರಕ್ಕೆಂದೇ ಆರು ಜನರನ್ನು ನೇಮಿಸಿದ ನಾಡು ವಿದ್ಯೆಯ ಬೆಲೆಯನ್ನು ಅರಿತ ನಾಡೇ ಸರಿ.

ಅಲ್ಲಿಂದ ಬಹು ದೂರವಿಲ್ಲದ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಈ ಮಾನ್ಯಖೇಟದ ಆಸ್ಥಾನದಲ್ಲಿಯೇ ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿತು. ಇಂದು ದೊರೆಯುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲಿನದು. ಗುರುಮುಖದಿಂದ ಓದು ಕಲಿಯದ ಸಾಮಾನ್ಯ ಜನರಲ್ಲಿಯೂ ಕಾವ್ಯಪ್ರಯೋಗದ ಜಾಣ್ಮೆಯಿದೆಯೆಂದು ಆ ಗ್ರಂಥವು ಕನ್ನಡಿಗರನ್ನು ಹೊಗಳಿದ ವಿಷಯವನ್ನು ಅರಿಯದ ಸಾಹಿತ್ಯಾಭಿಮಾನಿಗಳಿಲ್ಲ.

ಹೀಗೆ ಒಂದೇ ಸೀಮೆಯಲ್ಲಿ ಎರಡು ಸಾಕ್ಷಿಗಳು ಎದುರುಬದುರಾಗಿ ನಿಂತಿವೆ. ನಾಗಾವಿಯಲ್ಲಿ ಶಾಲೆಯಿದ್ದಿತು, ಆದರೆ ಅಲ್ಲಿಯ ವಿದ್ಯೆಯು ಸಂಸ್ಕೃತದಲ್ಲಿದ್ದು ವೇದಾಧಿಕಾರವುಳ್ಳ ಕೆಲವರಿಗೆ ಮಾತ್ರ ಮೀಸಲಾಗಿದ್ದಿತು. ಮಳಖೇಡದಲ್ಲಿ ಜನರ ನುಡಿಗೆ ಮನ್ನಣೆ ದೊರೆಯಿತು, ಆದರೆ ಆ ಜನರಿಗೆಲ್ಲ ಶಾಲೆಯಿರಲಿಲ್ಲ. ಜನರ ನುಡಿಯಲ್ಲಿಯೇ, ಜನರೆಲ್ಲರಿಗೂ ಜ್ಞಾನವೆಂಬ ಮಾತು ಕಾರ್ಯರೂಪಕ್ಕೆ ಬರಲು ಹನ್ನೆರಡನೆಯ ಶತಮಾನದ ಕಲ್ಯಾಣದ ವರೆಗೆ ಕಾಯಬೇಕಾಯಿತು. ಅಂಬಿಗನೂ ಮಡಿವಾಳನೂ ಡೋಹರನೂ ಹಗ್ಗ ಹೊಸೆಯುವವನೂ ಅಕ್ಕಿ ಆಯುವ ಹೆಣ್ಣುಮಗಳೂ ಒಂದೇ ಗೋಷ್ಠಿಯಲ್ಲಿ ಕುಳಿತು ಕೇಳುವ, ಹೇಳುವ, ಪ್ರಶ್ನಿಸುವ ಅಧಿಕಾರವನ್ನು ಪಡೆದುದು ಬಸವಣ್ಣನವರ ಅನುಭವ ಮಂಟಪದಲ್ಲಿ. ಕಲ್ಯಾಣದ ಕ್ರಾಂತಿಯ ಬಳಿಕ ಆ ಗೋಷ್ಠಿಯು ಚದುರಿತು. ವಚನದ ಕಟ್ಟುಗಳು ಮಠಗಳಲ್ಲಿ ಉಳಿದವು. ಆದರೆ ನಾಡಿನ ಮಕ್ಕಳಿಗೆಲ್ಲ ಅಕ್ಷರವೆಂಬ ಕೆಲಸವು ಮತ್ತೆ ಆರಂಭವಾಗಲು ಏಳು ಶತಮಾನಗಳು ಕಳೆಯಬೇಕಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟ ಕನ್ನಡಿಗರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು.

ಚನ್ನಬಸಪ್ಪನವರು ೧೮೩೪ರಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆ ಬಸಲಿಂಗಪ್ಪನವರು, ತಾಯಿ ತಿಮ್ಮಮ್ಮನವರು. ಅವರು ಹುಟ್ಟುವುದಕ್ಕೆ ಹದಿನಾರು ವರ್ಷಗಳ ಹಿಂದೆ, ೧೮೧೮ರಲ್ಲಿ, ಪೇಶವೆಯರ ಆಳ್ವಿಕೆಯು ಕೊನೆಗೊಂಡು ಈ ಭಾಗವು ಕುಂಪಣಿ ಸರಕಾರದ ಕೈಸೇರಿ ಮುಂಬಯಿ ಇಲಾಖೆಗೆ ಒಳಪಟ್ಟಿದ್ದಿತು. ಅರಸರು ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿಯೇ ನಡೆದವು. ಸರಕಾರವು ಶಾಲೆಗಳನ್ನು ತೆರೆದಾಗಲೂ ಅವು ಮರಾಠಿ ಶಾಲೆಗಳಾಗಿಯೇ ತೆರೆದವು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡವನ್ನಾಡುವ ಮಗುವು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ತನಗೆ ತಿಳಿಯದ ನುಡಿಯಲ್ಲಿ ಅಕ್ಷರವನ್ನೂ ಲೆಕ್ಕವನ್ನೂ ಕಲಿಯಬೇಕಾಗಿದ್ದಿತು. ೧೮೩೦ರ ದಶಕದಲ್ಲಿ ವಾಲ್ಟರ್ ಎಲಿಯಟ್‌ರಂಥ ಅಧಿಕಾರಿಗಳು ಧಾರವಾಡದಲ್ಲಿ ಕನ್ನಡ ಶಾಲೆಗಾಗಿ ಶ್ರಮಿಸಿದರೂ, ಒಟ್ಟು ಪ್ರವಾಹವು ಬೇರೆ ದಿಕ್ಕಿನಲ್ಲಿಯೇ ಹರಿಯುತ್ತಿದ್ದಿತು.

ಸರಕಾರದ ಶಾಲೆಗಳ ಹೊರಗೆ ಊರ ಜನರೇ ನಡೆಯಿಸುತ್ತಿದ್ದ ಗಾವಠಿ ಶಾಲೆಗಳಿದ್ದವು. ಜನರು ಅವುಗಳನ್ನು ಮಠಗಳೆಂದೂ ಕೂಲಿಮಠಗಳೆಂದೂ ಕರೆಯುತ್ತಿದ್ದರು. ಗುಡಿಯ ಪೌಳಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಅಯ್ಯನವರ ಮುಂದೆ ಹುಡುಗರು ಕುಳಿತು, ಉಸುಕಿನ ಮೇಲೆ ಬೆರಳಿನಿಂದ ಓಂ ನಾಮವನ್ನು ತಿದ್ದುತ್ತಿದ್ದರು. ಮಗ್ಗಿ, ಅಮರಕೋಶ, ಪುರಾಣದ ಪದ್ಯಗಳು ಬಾಯಿಪಾಠವಾಗುತ್ತಿದ್ದವು. ಅರ್ಥವನ್ನು ಕೇಳುವ ವಾಡಿಕೆಯಿರಲಿಲ್ಲ. ತಪ್ಪಿದವನಿಗೆ ಬೆತ್ತದ ಪೆಟ್ಟು ಕಾದಿದ್ದಿತು. ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿ ಹುಡುಗನನ್ನು ತೂಗಬಿಡುವ ಕೋದಂಡವೆಂಬ ಶಿಕ್ಷೆಯನ್ನು ನೆನೆದು ಆ ಕಾಲದ ಮಕ್ಕಳು ಮಠದ ದಾರಿಯಲ್ಲಿಯೇ ನಡುಗುತ್ತಿದ್ದರು. ಅಯ್ಯನವರಲ್ಲಿ ವಾತ್ಸಲ್ಯವಿರಲಿಲ್ಲವೆಂದಲ್ಲ. ಕಲಿಸುವುದೂ ಒಂದು ಕಲಿಯಬೇಕಾದ ವಿದ್ಯೆಯೆಂಬ ಕಲ್ಪನೆಯೇ ಆಗ ಇರಲಿಲ್ಲ. ತಾನು ಹೇಗೆ ಕಲಿತನೋ ಹಾಗೆಯೇ ಕಲಿಸುವುದು ರೂಢಿಯಾಗಿದ್ದಿತು.

ಧಾರವಾಡದಲ್ಲಿ ದೊರೆತಷ್ಟು ಶಿಕ್ಷಣವನ್ನು ಮುಗಿಸಿದ ಚನ್ನಬಸಪ್ಪನವರ ಜ್ಞಾನದಾಹವು ತಣಿಯಲಿಲ್ಲ. ಮುಂದಿನ ಓದಿಗೆ ಪುಣೆಗೆ ಹೋಗಬೇಕು. ಆಗ ಆ ದಾರಿಯಲ್ಲಿ ಉಗಿಬಂಡಿಯಿರಲಿಲ್ಲ. ಹದಿಹರೆಯದ ಮಗನನ್ನು ಅಷ್ಟು ದೂರ ಕಳುಹಿಸಲು ತಾಯಿತಂದೆಗಳಿಗೆ ಮನಸ್ಸಿರಲಿಲ್ಲ. ಅವರ ಇಚ್ಛೆಗೆ ವಿರೋಧವಾಗಿ ಬಾಲಕನು ಕಾಲ್ನಡಿಗೆಯಿಂದಲೇ ಪುಣೆಯನ್ನು ಸೇರಿದ ಸಂಗತಿಯನ್ನು ಧಾರವಾಡ ಸೀಮೆಯ ಜನರು ಬಹುಕಾಲ ಹೇಳುತ್ತ ಬಂದಿದ್ದಾರೆ. ಅಲ್ಲಿ ಅವರು ಇಂಗ್ಲಿಷನ್ನು ಚೆನ್ನಾಗಿ ಅಭ್ಯಾಸ ಮಾಡಿದರು. ಇಂಜಿನಿಯರಿಂಗ್ ವಿದ್ಯೆಯನ್ನೂ ಕಲಿತರು. ಮರಾಠಿಯು ಅವರಿಗೆ ಕರತಲಾಮಲಕವಾಯಿತು. ಮುಂದೆ ಕನ್ನಡ ಶಾಲೆಗಳಿಗಾಗಿ ಹೋರಾಡಿದಾಗ ಅವರ ಮನಸ್ಸಿನಲ್ಲಿ ಮರಾಠಿಯ ಮೇಲೆ ದ್ವೇಷವಿರಲಿಲ್ಲವೆಂಬುದನ್ನು ತಿಳಿಯಲು ಈ ಮಾತು ನೆನಪಿನಲ್ಲಿರಬೇಕು. ಒಂದು ಭಾಷೆಯನ್ನು ಪ್ರೀತಿಯಿಂದ ಕಲಿಯುವುದು ಬೇರೆ. ಮಾತೃಭಾಷೆಯನ್ನು ಬಾಗಿಲ ಹೊರಗೆ ಬಿಟ್ಟು ಬಂದರೆ ಮಾತ್ರ ಒಳಗೆ ಪ್ರವೇಶವೆಂದು ಮಗುವಿಗೆ ವಿಧಿಸುವುದು ಬೇರೆ.

ಕಟ್ಟಡಗಳನ್ನು ಕಟ್ಟುವ ವಿದ್ಯೆಯನ್ನು ಕಲಿತು ಬಂದ ತರುಣನು ಶಿಕ್ಷಕವೃತ್ತಿಯನ್ನೇ ತನ್ನ ಕಾಯಕವನ್ನಾಗಿ ಆರಿಸಿಕೊಂಡುದು ನಾಡಿನ ಪುಣ್ಯ. ಅವರು ವೃತ್ತಿಯನ್ನು ಹಿಡಿದ ಕಾಲವೂ ಮಹತ್ತ್ವದ ಕಾಲವೇ ಆಗಿದ್ದಿತು. ೧೮೫೪ರಲ್ಲಿ ಚಾರ್ಲ್ಸ್ ವುಡ್‌ನ ಹೆಸರಿನಿಂದ ಪ್ರಸಿದ್ಧವಾದ ಶಿಕ್ಷಣದ ಆಜ್ಞಾಪತ್ರವು ಹೊರಟಿತು. ಪ್ರತಿಯೊಂದು ಪ್ರಾಂತದಲ್ಲಿಯೂ ಶಿಕ್ಷಣ ಇಲಾಖೆ ಇರಬೇಕು, ಸಾಮಾನ್ಯ ಜನರಿಗೆ ದೇಶಭಾಷೆಯ ಮೂಲಕವೇ ಶಿಕ್ಷಣ ದೊರೆಯಬೇಕು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಪ್ರೋತ್ಸಾಹವಿರಬೇಕು, ಶಿಕ್ಷಕರನ್ನು ತರಬೇತುಗೊಳಿಸಲು ನಾರ್ಮಲ್ ಸ್ಕೂಲುಗಳಿರಬೇಕು ಎಂದು ಅದು ವಿಧಿಸಿತು. ಇದಕ್ಕನುಸಾರವಾಗಿ ೧೮೫೫ರಲ್ಲಿ ಮುಂಬಯಿ ಇಲಾಖೆಯಲ್ಲಿ ಶಿಕ್ಷಣ ಖಾತೆಯು ಸ್ಥಾಪಿತವಾಯಿತು. ಕೆಲಕಾಲದಲ್ಲಿಯೇ ಧಾರವಾಡಕ್ಕೂ ನಾರ್ಮಲ್ ಸ್ಕೂಲು ಬಂದಿತು.

ಇದೇ ಸಮಯದಲ್ಲಿ ಧಾರವಾಡದಲ್ಲಿ ನಡೆದ ಒಂದು ಘಟನೆಯು ಭಾರತದ ಶಿಕ್ಷಣದ ಇತಿಹಾಸದಲ್ಲಿ ನಿಂತುಹೋಗಿದೆ. ೧೮೫೬ರ ಜೂನ್ ತಿಂಗಳಲ್ಲಿ, ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ಮಹಾರ ಸಮಾಜದ ಒಬ್ಬ ಬಾಲಕನು ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಸರಕಾರಕ್ಕೆ ಅರ್ಜಿ ಬರೆದುಕೊಂಡನು. ನ್ಯಾಯವು ಬಾಲಕನ ಕಡೆಗಿದೆಯೆಂಬುದನ್ನು ಮುಂಬಯಿ ಸರಕಾರವು ಒಪ್ಪಿಕೊಂಡಿತು. ಒಪ್ಪಿಕೊಂಡೂ, ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆಯನ್ನು ಬಿಟ್ಟು ಹೋದಾರೆಂಬ ಭಯದಿಂದ ಪ್ರವೇಶವನ್ನು ನಿರಾಕರಿಸಿತು. ವಿಷಯವು ಕಲಕತ್ತೆಗೂ ಅಲ್ಲಿಂದ ಲಂಡನ್ನಿಗೂ ಹೋಯಿತು. ೧೮೫೮ರಲ್ಲಿ ಕುಂಪಣಿಯ ನಿರ್ದೇಶಕ ಮಂಡಲವು ಸರಕಾರದ ಶಾಲೆಗಳು ಎಲ್ಲ ವರ್ಗದ ಪ್ರಜೆಗಳಿಗೂ ತೆರೆದಿರತಕ್ಕವೆಂದು ನಿರ್ಣಯಿಸಿತು. ಒಬ್ಬ ಬಾಲಕನ ಅರ್ಜಿಯು ಇಡೀ ಸಾಮ್ರಾಜ್ಯದ ಶಿಕ್ಷಣ ನೀತಿಯನ್ನು ಪ್ರಶ್ನಿಸಿದ ಪ್ರಸಂಗವಿದು.

ಕಾಗದದ ಮೇಲೆ ಬಾಗಿಲು ತೆರೆಯಿತು. ಊರೂರಿನ ಶಾಲೆಗಳಲ್ಲಿ ಅದು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಒಳಗೆ ಬಂದ ಮಗುವನ್ನು ಎಲ್ಲಿ ಕೂಡಿಸಬೇಕು, ಅದರ ಪಾಟಿಯನ್ನು ಮುಟ್ಟಿ ತಿದ್ದಬೇಕೋ ದೂರದಿಂದ ನೋಡಿ ಕಳುಹಿಸಬೇಕೋ, ಪ್ರಶ್ನೆಯನ್ನು ಅದಕ್ಕೂ ಕೇಳಬೇಕೋ ಬಿಡಬೇಕೋ, ಇವೆಲ್ಲವನ್ನೂ ನಿರ್ಣಯಿಸುವವನು ಲಂಡನ್ನಿನ ನಿರ್ದೇಶಕನಲ್ಲ, ಊರಿನ ಶಿಕ್ಷಕನು. ಆಜ್ಞೆಯು ಬಾಗಿಲನ್ನು ತೆರೆಯಬಲ್ಲುದೇ ಹೊರತು ಅದನ್ನು ತೆರೆದಿಡುವ ಹೊಣೆಯು ಶಿಕ್ಷಕನದು. ಆದುದರಿಂದ ಶಿಕ್ಷಕನನ್ನು ರೂಪಿಸುವ ಶಾಲೆಯು ಉಳಿದೆಲ್ಲ ಶಾಲೆಗಳಿಗೆ ತಾಯಿಬೇರಾಗುತ್ತದೆ. ಧಾರವಾಡದ ನಾರ್ಮಲ್ ಸ್ಕೂಲಿನ ಹೊಣೆಯು ಚನ್ನಬಸಪ್ಪನವರ ಪಾಲಿಗೆ ಬಂದುದರ ಮಹತ್ತ್ವವು ಇಲ್ಲಿದೆ.

ನಾರ್ಮಲ್ ಸ್ಕೂಲೆಂದರೆ ಮಾದರಿಯ ಶಾಲೆಯೆಂದರ್ಥ. ಹಳ್ಳಿಗಳಿಂದ ಆರಿಸಿ ತಂದ ತರುಣರಿಗೆ ಅಲ್ಲಿ ವಿದ್ಯಾರ್ಥಿವೇತನವು ದೊರೆಯುತ್ತಿದ್ದಿತು. ಓದು, ಬರಹ, ಗಣಿತ, ಭೂಗೋಲ, ಇತಿಹಾಸಗಳ ಜೊತೆಗೆ ಇವುಗಳನ್ನು ಮಕ್ಕಳಿಗೆ ಹೇಗೆ ತಿಳಿಯಹೇಳಬೇಕೆಂಬ ಪದ್ಧತಿಯನ್ನೂ ಅವರು ಅಭ್ಯಸಿಸುತ್ತಿದ್ದರು. ಮಕ್ಕಳನ್ನು ತರಗತಿಗಳಾಗಿ ವಿಂಗಡಿಸಿ, ಕರಿಹಲಗೆಯ ಮೇಲೆ ಬರೆದು, ಎಲ್ಲರಿಗೂ ಒಮ್ಮೆಗೇ ಪಾಠ ಹೇಳುವ ಕ್ರಮವು ಆಗ ಹೊಸದಾಗಿದ್ದಿತು. ಬಾಯಿಪಾಠಕ್ಕಿಂತ ಅರ್ಥಕ್ಕೆ ಹೆಚ್ಚು ಬೆಲೆಯೆಂಬ ತತ್ತ್ವವು ಇನ್ನೂ ಹೊಸದಾಗಿದ್ದಿತು. ಕರಿಹಲಗೆಯನ್ನು ಕೇವಲ ಉಪಕರಣವೆಂದು ಭಾವಿಸಬಾರದು. ಅಯ್ಯನವರ ಬಳಿ ಒಬ್ಬೊಬ್ಬನಾಗಿ ಹೋಗಿ ಪಾಠ ಒಪ್ಪಿಸುವ ಪದ್ಧತಿಯಲ್ಲಿ ಗುರುವಿಗೆ ಹತ್ತಿರದವನು ಹೆಚ್ಚು ಕಲಿಯುವನು, ದೂರದವನು ಕಡಿಮೆ ಕಲಿಯುವನು. ಎಲ್ಲರ ಕಣ್ಣಿಗೂ ಕಾಣುವ ಹಲಗೆಯ ಮೇಲೆ ಬರೆದ ಅಕ್ಷರವು ಮುಂದಿನ ಸಾಲಿನವನಿಗೆ ಎಷ್ಟೋ ಹಿಂದಿನ ಸಾಲಿನವನಿಗೂ ಅಷ್ಟೇ ಸಲ್ಲುವುದು.

ಆದರೆ ಶಿಕ್ಷಕರನ್ನು ತರಬೇತುಗೊಳಿಸುವ ಕೆಲಸಕ್ಕೆ ಒಂದು ದೊಡ್ಡ ಅಡ್ಡಿಯಿದ್ದಿತು. ಕನ್ನಡದಲ್ಲಿ ಕಲಿಸಬೇಕಾದರೆ ಕನ್ನಡದ ಪಠ್ಯಪುಸ್ತಕಗಳು ಬೇಕು. ಅವು ಇರಲಿಲ್ಲ, ಇದ್ದವೂ ಸಾಲುತ್ತಿರಲಿಲ್ಲ. ಪುಸ್ತಕಗಳಿಲ್ಲವೆಂಬ ಕಾರಣದಿಂದ ಕನ್ನಡ ಶಾಲೆಗಳು ತೆರೆಯಲಿಲ್ಲ. ಕನ್ನಡ ಶಾಲೆಗಳಿಲ್ಲವೆಂಬ ಕಾರಣದಿಂದ ಪುಸ್ತಕಗಳು ಹುಟ್ಟಲಿಲ್ಲ. ಈ ವಿಷಚಕ್ರವನ್ನು ಮುರಿಯುವುದಕ್ಕೆ ಚನ್ನಬಸಪ್ಪನವರು ಶಿಕ್ಷಕರನ್ನೇ ಗ್ರಂಥಕರ್ತರನ್ನಾಗಿ ಮಾಡುವ ಮಾರ್ಗವನ್ನು ಹಿಡಿದರು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿದ್ದ ರಸೆಲ್ ಸಾಹೇಬರು ಕನ್ನಡದ ಪಕ್ಷಪಾತಿಗಳಾಗಿದ್ದುದು ಈ ಕಾರ್ಯಕ್ಕೆ ಬಹಳ ಬಲವನ್ನು ಕೊಟ್ಟಿತು. ಬಾಣನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ಅನೇಕ ಶಾಲೋಪಯೋಗಿ ಗ್ರಂಥಗಳನ್ನು ರಚಿಸಿದ ವೆಂಕಟ ರಂಗೋ ಕಟ್ಟಿಯವರು ಮುಂತಾದ ವಿದ್ವಾಂಸರು ಧಾರವಾಡದ ಈ ಶಿಕ್ಷಕರ ಬಳಗದಲ್ಲಿಯೇ ಬೆಳಗಿದವರು. ಒಬ್ಬರು ವೀರಶೈವರು, ಇನ್ನೊಬ್ಬರು ಬ್ರಾಹ್ಮಣರು. ಕನ್ನಡದ ಮಗುವಿಗೆ ಪುಸ್ತಕ ಬೇಕೆಂಬ ಒಂದೇ ಕಳಕಳಿಯಲ್ಲಿ ಅವರೆಲ್ಲರ ಮನಸ್ಸು ಕೂಡಿದ್ದಿತು.

ಚನ್ನಬಸಪ್ಪನವರು ತಾವೂ ಲೇಖನಿಯನ್ನು ಹಿಡಿದರು. ಶೇಕ್ಸ್‌ಪಿಯರ್ ಮಹಾಕವಿಯ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ಅವರು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಮಠದ ದಾರಿಯಲ್ಲಿ ನಡುಗುತ್ತಿದ್ದ ಮಕ್ಕಳ ಕಾಲದಲ್ಲಿ ನಗುವಿಗಾಗಿಯೇ ಒಂದು ಪುಸ್ತಕವು ಬಂದುದು ಸಣ್ಣ ಸಂಗತಿಯಲ್ಲ. ಓದು ಎಂದರೆ ಬೆತ್ತದ ಭಯದಿಂದ ಮಾಡತಕ್ಕ ಕೆಲಸವೆಂಬ ಭಾವನೆಯಿದ್ದಲ್ಲಿ, ಓದಿ ನಗುವ ಸುಖವೂ ಉಂಟೆಂಬುದನ್ನು ಅದು ತೋರಿಸಿಕೊಟ್ಟಿತು.

ತರಬೇತು ಹೊಂದಿದ ಶಿಕ್ಷಕನು ಒಂದೆರಡು ವರ್ಷಗಳ ಬಳಿಕ ದೂರದ ಹಳ್ಳಿಗೆ ಹೋಗಿ ಒಬ್ಬಂಟಿಗನಾಗುವನು. ಅಲ್ಲಿ ಅವನಿಗೆ ಸಂದೇಹ ಬಂದರೆ ಕೇಳಲು ಜನರಿಲ್ಲ, ಓದಲು ಪುಸ್ತಕವಿಲ್ಲ. ಕ್ರಮೇಣ ಕಲಿತುದು ಮರೆತು ಹಳೆಯ ಬೆತ್ತವೇ ಮತ್ತೆ ಕೈಗೆ ಬರುವುದು. ಈ ಕೊರತೆಯನ್ನು ನೀಗಿಸಲು ೧೮೬೫ರಲ್ಲಿ ಧಾರವಾಡದಿಂದ ಶಿಕ್ಷಕರಿಗಾಗಿಯೇ ಒಂದು ಪತ್ರಿಕೆಯು ಹೊರಟಿತು. ಅದಕ್ಕೆ ಮಠಪತ್ರಿಕೆಯೆಂದು ಹೆಸರಾಯಿತು. ಊರವರು ಶಾಲೆಯನ್ನು ಮಠವೆಂದೇ ಕರೆಯುತ್ತಿದ್ದುದರಿಂದ ಆ ಹೆಸರೇ ಪತ್ರಿಕೆಗೆ ಸಹಜವಾಯಿತು. ಹೊಸ ವಿದ್ಯೆಯನ್ನು ತರುವಾಗಲೂ ಜನರ ಬಾಯಲ್ಲಿದ್ದ ಹಳೆಯ ಮಾತನ್ನು ಕೈಬಿಡದ ಈ ವಿವೇಕವು ಗಮನಿಸತಕ್ಕದ್ದು. ಕಾಲಾನುಕಾಲಕ್ಕೆ ಬೇರೆ ಬೇರೆ ಹೆಸರುಗಳನ್ನು ತಾಳುತ್ತ, ಶಾಲಾಪತ್ರಿಕೆಯಾಗಿ, ತರುವಾಯ ಜೀವನ ಶಿಕ್ಷಣವಾಗಿ ಆ ಪರಂಪರೆಯು ಒಂದೂವರೆ ಶತಮಾನವನ್ನು ದಾಟಿ ಬಾಳಿದೆ.

ಮುಂದೆ ಚನ್ನಬಸಪ್ಪನವರು ಶಿಕ್ಷಣ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಜನರು ಪ್ರೀತಿಯಿಂದ ಡೆಪ್ಯುಟಿ ಚನ್ನಬಸಪ್ಪನವರೆಂದು ಕರೆಯತೊಡಗಿದರು. ಹುದ್ದೆಯ ಹೆಸರು ಮನೆತನದ ಹೆಸರಿಗಿಂತ ಗಟ್ಟಿಯಾಗಿ ನಿಂತಿತು. ಶಾಲೆಗಳ ತಪಾಸಣೆಗೆಂದು ಊರೂರು ಸಂಚರಿಸುವುದು ಆ ಹುದ್ದೆಯ ಕೆಲಸ. ಬೆಳಗಾವಿ ಸೀಮೆಯಲ್ಲಿ ಸಂಚರಿಸಿದಾಗ ಕನ್ನಡ ಜನರೇ ತುಂಬಿದ ಹಳ್ಳಿಗಳಲ್ಲಿ ಮರಾಠಿ ಶಾಲೆಗಳು ನಡೆಯುತ್ತಿರುವುದು ಅವರ ಕಣ್ಣಿಗೆ ಬಿದ್ದಿತು. ಶಿಕ್ಷಕನು ಮರಾಠಿಯಲ್ಲಿ ಕೇಳುತ್ತಿದ್ದನು, ಮಕ್ಕಳು ಗಿಣಿಪಾಠವನ್ನು ಒಪ್ಪಿಸುತ್ತಿದ್ದರು. ಮನೆಯಲ್ಲಿ ಮರಾಠಿಯಿದ್ದ, ಇಲ್ಲವೆ ಕಚೇರಿಯ ಸಂಪರ್ಕವಿದ್ದ ಕೆಲವು ಮನೆತನಗಳ ಮಕ್ಕಳು ಮುಂದೆ ಹೋಗುತ್ತಿದ್ದರು. ಒಕ್ಕಲಿಗನ ಮಗನೂ ನೇಕಾರನ ಮಗನೂ ತಮಗೆ ವಿದ್ಯೆಯು ಹತ್ತುವುದಿಲ್ಲವೆಂದು ನಂಬಿ ಶಾಲೆಯನ್ನು ಬಿಡುತ್ತಿದ್ದರು. ಹತ್ತದಿದ್ದುದು ವಿದ್ಯೆಯಲ್ಲ, ಪರಭಾಷೆ. ಮಗುವಿನದಲ್ಲದ ದೋಷವನ್ನು ಮಗುವಿನ ತಲೆಗೆ ಕಟ್ಟುವ ಈ ಅನ್ಯಾಯವನ್ನು ನಿಲ್ಲಿಸುವುದೇ ಡೆಪ್ಯುಟಿಯವರ ಜೀವನದ ಕಾರ್ಯವಾಯಿತು.

ಈ ಅನ್ಯಾಯಕ್ಕೆ ಇನ್ನೊಂದು ಮುಖವಿದ್ದಿತು. ೧೮೬೩ರಿಂದ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವನ್ನು ಕೂಡಿಸಿ, ಅದರಲ್ಲಿ ಮೂರನೆಯ ಒಂದು ಪಾಲನ್ನು ಶಾಲೆಗಳಿಗೆ ಕೊಡುವ ಏರ್ಪಾಡಾಯಿತು. ಅಂದರೆ ಹಳ್ಳಿಯ ಶಾಲೆಯನ್ನು ನಡೆಯಿಸುವ ಹಣವು ನೇಗಿಲು ಹಿಡಿಯುವವನ ಗಂಟಿನಿಂದ ಬಂದಿತು. ಹಣವನ್ನು ಕೊಟ್ಟವನ ಮಗುವೇ ಶಾಲೆಯಲ್ಲಿ ಪರಕೀಯವಾಗುವುದು ಯಾವ ನ್ಯಾಯ? ರೈತನು ದಾನವನ್ನು ಬೇಡುತ್ತಿರಲಿಲ್ಲ, ತಾನು ತೆತ್ತ ಕರಕ್ಕೆ ಪ್ರತಿಫಲವನ್ನು ಪಡೆಯಬೇಕಾಗಿದ್ದಿತು. ಶಾಲೆಯು ಸರಕಾರದ ಕೃಪೆಯಲ್ಲ, ಜನರ ಸ್ವತ್ತು ಎಂಬ ತಿಳಿವಳಿಕೆಗೆ ಈ ಕರವೇ ಬುನಾದಿಯಾಯಿತೆಂದು ಹೇಳಬಹುದು.

ಡೆಪ್ಯುಟಿಯವರು ಒಂದೊಂದಾಗಿ ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾರ್ಪಡಿಸಿದರು, ಹೊಸ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಇದು ಸುಲಭದ ಕೆಲಸವಾಗಿರಲಿಲ್ಲ. ವಿರೋಧವು ಮರಾಠಿ ಬಲ್ಲ ಅಧಿಕಾರಿವರ್ಗದಿಂದ ಬಂದುದು ಸಹಜ. ಕನ್ನಡಿಗರಲ್ಲಿಯೂ ಅನೇಕರು ಮರಾಠಿಯನ್ನು ಕಲಿತರೆ ಕಚೇರಿಯಲ್ಲಿ ಕೆಲಸ ಸಿಕ್ಕೀತು, ಕನ್ನಡದಿಂದ ಹೊಟ್ಟೆ ತುಂಬದು ಎನ್ನುವವರೇ ಆಗಿದ್ದರು. ಅವರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಆದರೆ ಕಚೇರಿಯ ಕೆಲಸವು ಹತ್ತು ಜನರಿಗೆ ದೊರೆತೀತು. ಉಳಿದ ತೊಂಬತ್ತು ಜನರು ತಮ್ಮ ಲೆಕ್ಕವನ್ನು ತಾವೇ ನೋಡಿಕೊಳ್ಳುವಂತೆ, ತಮ್ಮ ಕಾಗದವನ್ನು ತಾವೇ ಓದಿಕೊಳ್ಳುವಂತೆ ಆಗಬೇಕಾದರೆ ಅವರ ನುಡಿಯೇ ಬೇಕು. ಸಾಹುಕಾರನು ಬರೆದುಕೊಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನಿಗೆ ಅಕ್ಷರಜ್ಞಾನವು ಅಲಂಕಾರವಲ್ಲ, ಹೊಲ ಮನೆಗಳನ್ನು ಉಳಿಸಿಕೊಳ್ಳುವ ಸಾಧನ.

ಈ ಕಾರ್ಯಕ್ಕೆ ಸಂಖ್ಯೆಯಲ್ಲಿಯೂ ಗುಣದಲ್ಲಿಯೂ ಬಲವನ್ನು ಒದಗಿಸಿದವರು ಧಾರವಾಡದಲ್ಲಿ ತರಬೇತು ಹೊಂದಿ ಬಂದ ಶಿಕ್ಷಕರು. ಶಾಲೆಯ ಹಲಗೆಯ ಮೇಲಿನ ಹೆಸರನ್ನು ಕನ್ನಡಕ್ಕೆ ಬದಲಿಸುವುದು ಒಂದು ದಿನದ ಕೆಲಸ. ಕನ್ನಡದಲ್ಲಿ ಭೂಗೋಲವನ್ನೂ ಗಣಿತವನ್ನೂ ತಿಳಿಯಹೇಳಬಲ್ಲ, ಮಗುವು ತಡವರಿಸಿದಾಗ ಕಾಯಬಲ್ಲ ಶಿಕ್ಷಕನನ್ನು ಸಿದ್ಧಗೊಳಿಸುವುದು ವರ್ಷಗಳ ಕೆಲಸ. ಚನ್ನಬಸಪ್ಪನವರು ಈ ಎರಡನೆಯದನ್ನು ಮಾಡಿದರು. ಆದುದರಿಂದಲೇ ಅವರು ಮಾಡಿದ ಬದಲಾವಣೆಯು ಅವರೊಡನೆ ಅಳಿಯಲಿಲ್ಲ.

ಅವರ ಕಾರ್ಯಕ್ಕೆ ಕಾಲವು ಹಾಕಿದ ಎಲ್ಲೆಗಳನ್ನೂ ಮರೆಯಬಾರದು. ಭಾಷೆಯ ಗೋಡೆಯು ಬಿದ್ದರೂ ಜಾತಿಯ ಗೋಡೆಯು ನಿಂತೇ ಇದ್ದಿತು. ೧೮೫೮ರ ನಿರ್ಣಯವಾದ ಬಹುಕಾಲದ ವರೆಗೂ ಅಸ್ಪೃಶ್ಯರೆನಿಸಿದವರ ಮಕ್ಕಳು ಅನೇಕ ಶಾಲೆಗಳಲ್ಲಿ ಜಗುಲಿಯ ಮೇಲೆ, ಬಾಗಿಲ ಹೊರಗೆ ಕುಳಿತು ಪಾಠ ಕೇಳಬೇಕಾಗಿದ್ದಿತು. ೧೮೮೨ರ ಹಂಟರ್ ಆಯೋಗವು ಸರಕಾರದ ಶಾಲೆಗಳು ಎಲ್ಲರಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು ಮತ್ತೊಮ್ಮೆ ಎತ್ತಿ ಹೇಳಬೇಕಾಗಿ ಬಂದುದೇ ಅದು ಆಚರಣೆಯಲ್ಲಿ ಇರಲಿಲ್ಲವೆಂಬುದಕ್ಕೆ ಸಾಕ್ಷಿ. ಶರಣರ ಹೆಸರನ್ನು ಹೇಳುವ ಊರುಗಳೂ ಈ ದೋಷಕ್ಕೆ ಹೊರತಾಗಿರಲಿಲ್ಲ. ಡೋಹರ ಕಕ್ಕಯ್ಯನವರನ್ನು ಪುರಾಣದಲ್ಲಿ ಪೂಜಿಸಿ, ಆ ಕುಲದ ಮಗುವನ್ನು ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸುವುದು ನುಡಿಗೂ ನಡೆಗೂ ಬಿದ್ದ ಬಿರುಕು. ಈ ಬಿರುಕನ್ನು ಮುಚ್ಚುವ ಕೆಲಸವು ಚನ್ನಬಸಪ್ಪನವರ ತಲೆಮಾರಿನಲ್ಲಿ ಮುಗಿಯಲಿಲ್ಲ, ಮುಂದಿನ ತಲೆಮಾರುಗಳಿಗೆ ಸಾಲವಾಗಿ ಉಳಿಯಿತು.

೧೮೮೧ರಲ್ಲಿ, ತಮ್ಮ ೪೬ನೆಯ ವಯಸ್ಸಿನಲ್ಲಿ, ಡೆಪ್ಯುಟಿ ಚನ್ನಬಸಪ್ಪನವರು ಲಿಂಗೈಕ್ಯರಾದರು. ಬಾಳಿದುದು ಅಲ್ಪಕಾಲವಾದರೂ ಅವರು ಬಿತ್ತಿದ ಬೀಜವು ಹುಲುಸಾಗಿ ಬೆಳೆಯಿತು. ಎರಡು ವರ್ಷಗಳ ಬಳಿಕ, ೧೮೮೩ರಲ್ಲಿ, ಬಡ ವಿದ್ಯಾರ್ಥಿಗಳ ನೆರವಿಗಾಗಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮುಂತಾದ ಹ

ಿರಿಯರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿಯನ್ನು ಕೂಡಿಸಿದರು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ೧೯೧೬ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ತ್ಯಾಗಿಗಳು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಕನ್ನಡದಲ್ಲಿ ಓದಿದ ಒಂದು ತಲೆಮಾರು ಸಿದ್ಧವಾಗಿರದಿದ್ದರೆ ಈ ಸಂಸ್ಥೆಗಳಿಗೆ ನೆಲವೇ ಇರುತ್ತಿರಲಿಲ್ಲ.

ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಥೆಯು ಬೇರೆಯಾಗಿದ್ದಿತು. ಈ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ್ದುದರಿಂದ ಮುಂಬಯಿ ಇಲಾಖೆಯ ಕನ್ನಡ ಶಾಲೆಗಳ ಗಾಳಿಯು ಇತ್ತ ಬೀಸಲಿಲ್ಲ. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಧಾರವಾಡದ ಮಗುವು ಮರಾಠಿಯ ಎದುರಿನಲ್ಲಿ ತಡವರಿಸಿದಂತೆ ಮಳಖೇಡದ ಮಗುವು ಉರ್ದುವಿನ ಎದುರಿನಲ್ಲಿ ತಡವರಿಸಿತು. ಕವಿರಾಜಮಾರ್ಗವು ಹುಟ್ಟಿದ ಊರಿನಲ್ಲಿಯೇ ಕನ್ನಡವು ಶಾಲೆಯ ಹೊರಗೆ ನಿಂತಿತು. ಇಂಥ ಕಾಲದಲ್ಲಿಯೂ ಕಲಬುರ್ಗಿಯಲ್ಲಿ ೧೯೦೭ರಲ್ಲಿ ಹುಟ್ಟಿದ ನೂತನ ವಿದ್ಯಾಲಯವೂ, ನಿಜಾಮರ ಕಾಲದಲ್ಲಿಯೇ ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದ ಶರಣಬಸವೇಶ್ವರ ಸಂಸ್ಥಾನವೂ ದೀಪವನ್ನು ಆರಗೊಡಲಿಲ್ಲ. ೧೯೪೮ರಲ್ಲಿ ಹೈದರಾಬಾದು ವಿಮೋಚನೆಗೊಂಡು, ೧೯೫೬ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಊರೂರಿಗೆ ಕನ್ನಡ ಶಾಲೆಗಳು ಬಂದವು.

ಹಾಗಾದರೆ ಚನ್ನಬಸಪ್ಪನವರ ಕಾರ್ಯವು ಈ ಸೀಮೆಯಲ್ಲಿ ಪೂರ್ಣವಾಯಿತೆ? ಚಿಂಚೋಳಿಯ ತಾಂಡಾಗಳಿಂದ ಬರುವ ಲಂಬಾಣಿ ಮಗುವು ಮನೆಯಲ್ಲಿ ಕನ್ನಡವನ್ನಾಡುವುದಿಲ್ಲ. ಸೇಡಂ ಗಡಿಯ ಹಳ್ಳಿಗಳಲ್ಲಿ ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಶಹಾಬಾದ, ವಾಡಿಗಳ ಕಲ್ಲಿನ ಗಣಿ ಮತ್ತು ಸಿಮೆಂಟು ಕಾರಖಾನೆಗಳ ಆಸುಪಾಸಿನಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ನುಡಿಗಳೆಲ್ಲವೂ ಒಂದೇ ಓಣಿಯಲ್ಲಿ ಕೇಳುತ್ತವೆ. ತಾಯಿತಂದೆಗಳು ಕೂಲಿಗಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋದಾಗ ಅವರೊಡನೆ ಹೋಗಿ, ನಡುವರ್ಷದಲ್ಲಿ ಮರಳಿ ಬರುವ ಮಕ್ಕಳೂ ಇದ್ದಾರೆ. ಈ ಮಕ್ಕಳ ಪಾಲಿಗೆ ಕನ್ನಡವೇ ಶಾಲೆಯ ಪರಭಾಷೆ. ಡೆಪ್ಯುಟಿಯವರ ಕಾಲದ ಕನ್ನಡ ಮಗುವು ಕುಳಿತ ಸ್ಥಾನದಲ್ಲಿ ಇಂದು ತಾಂಡಾದ ಮಗುವು ಕುಳಿತಿದೆ. ಅದು ಸುಮ್ಮನಿದ್ದರೆ ದಡ್ಡನೆಂದೂ, ಬಾರದಿದ್ದರೆ ಸೋಮಾರಿಯೆಂದೂ ಎಣಿಸುವುದು ಹಳೆಯ ಅನ್ಯಾಯವನ್ನೇ ಹೊಸ ಹೆಸರಿನಿಂದ ನಡೆಯಿಸಿದಂತೆ.

ಕಾಯಿದೆಗೆ ಕೊರತೆಯಿಲ್ಲ. ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವನ್ನು ಹಕ್ಕನ್ನಾಗಿ ಕೊಟ್ಟಿದೆ, ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ, ಪಾಲಕರೂ ಸೇರಿದ ಶಾಲಾ ಸಮಿತಿಯನ್ನು ವಿಧಿಸಿದೆ. ಕೋದಂಡದ ಕಾಲವು ಕಾಯಿದೆಯಲ್ಲಿ ಮುಗಿದಿದೆ. ಆದರೆ ೧೮೫೮ರ ಆಜ್ಞೆಗೆ ಯಾವ ಗತಿಯಾಯಿತೋ ಆ ಗತಿಯು ಈ ಕಾಯಿದೆಗೂ ಬರದಂತೆ ನೋಡಿಕೊಳ್ಳಬಲ್ಲವನು ಶಿಕ್ಷಕನೊಬ್ಬನೇ. ಲಂಬಾಣಿ ಮಗುವನ್ನು ಅದರ ನುಡಿಯಲ್ಲಿ ಎರಡು ಮಾತು ಮಾತನಾಡಿಸಿ ಕನ್ನಡದ ಕಡೆಗೆ ಕೈಹಿಡಿದು ನಡೆಯಿಸುವ ಶಿಕ್ಷಕ, ಗುಳೆ ಹೋಗಿ ಬಂದ ಮಗುವಿಗೆ ತಪ್ಪಿದ ಪಾಠವನ್ನು ಬೇಸರಿಸದೆ ಹೇಳಿಕೊಡುವ ಶಿಕ್ಷಕ, ಊಟದ ಸಾಲಿನಲ್ಲಿ ಯಾರನ್ನೂ ಬೇರೆ ಕೂಡಿಸದ ಶಿಕ್ಷಕ, ಹಿಂದಿನ ಸಾಲಿನ ಮಗುವಿನ ಪ್ರಶ್ನೆಗೂ ನಿಂತು ಉತ್ತರಿಸುವ ಶಿಕ್ಷಕ, ಇಂಥವರು ತಾವಾಗಿ ಹುಟ್ಟುವುದಿಲ್ಲ. ಅವರನ್ನು ರೂಪಿಸುವ ಗುರುಗಳು ಬೇಕು, ತರಬೇತಿನ ಮನೆಗಳು ಬೇಕು, ದೂರದ ಹಳ್ಳಿಯಲ್ಲಿಯೂ ಅವರನ್ನು ಒಂಟಿಯಾಗಿ ಬಿಡದ ಬಳಗ ಬೇಕು.

ನಾಗಾವಿಯ ಘಟಿಕಾಸ್ಥಾನವು ೨೫೨ ವಿದ್ಯಾರ್ಥಿಗಳ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಿಸಿತು. ಅಲ್ಲಿಗೆ ಬಾರದ ಮಕ್ಕಳ ಲೆಕ್ಕವನ್ನು ಯಾರೂ ಬರೆಯಲಿಲ್ಲ. ಆ ಬಾರದ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕಾರ್ಯವನ್ನು ಕಲ್ಯಾಣದ ಶರಣರು ತಮ್ಮ ಗೋಷ್ಠಿಯಲ್ಲಿ ತೊಡಗಿದರು. ಅದನ್ನು ಹಳ್ಳಿಯ ಶಾಲೆಯ ವರೆಗೆ ಕೊಂಡೊಯ್ಯುವ ದಾರಿಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ತಮ್ಮ ಪಾಲಿನ ಕಾಯಕವನ್ನು ಸಲ್ಲಿಸಿ ಹೋದರು. ಅವರಿಗೆ ಸಲ್ಲಬೇಕಾದ ನಿಜವಾದ ಸ್ಮಾರಕವು ಕಲ್ಲಿನದಲ್ಲ. ಚಿತ್ತಾಪುರದ ಯಾವುದೋ ಒಂದು ಹಳ್ಳಿಯ ಶಾಲೆಯಲ್ಲಿ, ಇದುವರೆಗೆ ಬಾಗಿಲ ಬಳಿ ಕುಳಿತಿದ್ದ ಮಗುವು ಎದ್ದುಬಂದು ಕರಿಹಲಗೆಯ ಮೇಲೆ ತನ್ನ ಹೆಸರನ್ನು ತಾನೇ ಬರೆದಾಗ ಆ ಸ್ಮಾರಕವು ಎದ್ದು ನಿಲ್ಲುವುದು.